ಹೊಳೆಗೆ ಅಂತಲೇ ಬಿಟ್ಟ ಬಯಲಿಗೆ ಕನ್ನಡದಲ್ಲಿ ಏನಂತಾರೆ?

ನಮಸ್ಕಾರ. ಒಂದು ಪದ ಬೇಕಾಗಿದೆ.

ನೆದರ್‌ಲ್ಯಾಂಡ್ಸ್‌ನ ನೈಮೇಗನ್ ಊರಿನ ಹತ್ತಿರ ವಾಲ್ ನದಿಯ ಪಕ್ಕ ಸೈಕಲ್ ಹೊಡೆಯುತ್ತಿದ್ದೆ. ವಾಲ್ ಅಂದರೆ ರೈನ್ ನದಿಯ ದೊಡ್ಡ ಕವಲು. ದಾರಿ ಮೊದಲು ಏರಿಯ ಮೇಲೆ ಹೋಗುತ್ತದೆ. ಆಮೇಲೆ ಕೆಳಗಿಳಿದು, ಏರಿಗೂ ಹೊಳೆಗೂ ನಡುವಿನ ಹುಲ್ಲುಬಯಲಿಗೆ ಬರುತ್ತದೆ. ಅಲ್ಲಿ ಬೇಲಿಯ ತಂತಿಗೆ ನನ್ನ ಎದೆಮಟ್ಟದಲ್ಲಿ ಒಣಹುಲ್ಲು, ಕಸಕಡ್ಡಿ ಸಿಕ್ಕಿಕೊಂಡಿತ್ತು. ಚಳಿಗಾಲದ ನೀರು ಅಷ್ಟೆತ್ತರಕ್ಕೆ ಬಂದು ಹೋಗಿದೆ. ಈಗ ಅಲ್ಲೇ ಕುದುರೆಗಳು ಮೇಯುತ್ತಿದ್ದವು.

ಈ ಬಯಲಿಗೆ ಡಚ್ಚರು 'ಔಟರ್‌ವಾರ್ಡ್' ಅಂತಾರೆ. ಏರಿಯ ಹೊರಗೆ, ಹೊಳೆಯ ಕಡೆಗಿರುವ ನೆಲ. ಸಂಜೆ ಅಮ್ಮನಿಗೆ ಫೋನ್ ಮಾಡಿ, "ನೆರೆ ಬರುವ ಜಾಗದಲ್ಲಿ ಸೈಕಲ್ ಹೊಡೆದೆ" ಅಂದೆ. "ಅಯ್ಯೋ, ಯಾರದ್ದಾದರೂ ಮನೆ ಹೋಯಿತಾ ಮಗಾ?" ಅಂದರು. ನನ್ನ ಸಮಸ್ಯೆ ಅದೇ. ನೆರೆ, ಪ್ರವಾಹ ಅಂದ ಕೂಡಲೇ ನಮ್ಮ ಕಿವಿಗೆ ಅನಾಹುತ ಕೇಳಿಸುತ್ತದೆ, ಅಲ್ವಾ?

ಅಲ್ಲೂ ಮೊದಲು ಭಯವೇ ಇತ್ತು. 1995ರಲ್ಲಿ ನೀರು ಏರಿದಾಗ ಸುಮಾರು 2.5 ಲಕ್ಷ ಜನ ಮನೆ ಬಿಟ್ಟು ಹೋಗಬೇಕಾಯಿತು. ಆಮೇಲೆ ಏರಿಯನ್ನು ಸುಮ್ನೆ ಎತ್ತರಿಸುತ್ತಾ ಹೋಗುವ ಬದಲು ಹೊಳೆಗೇ ಜಾಗ ಬಿಡೋಣ ಅಂದರು. ನೈಮೇಗನ್ ಎದುರಿನ ಲೆಂಟ್‌ನಲ್ಲಿ ಏರಿಯನ್ನು 350 ಮೀಟರ್ ಹಿಂದಕ್ಕೆ ಸರಿಸಿ, ಹೊಸ ಕಾಲುವೆ ತೋಡಿದರು. ಅದಕ್ಕಾಗಿ ಸುಮಾರು 50 ಮನೆ ತೆಗೆಯಬೇಕಾಯಿತು, ಅದು ಸಣ್ಣ ಮಾತಲ್ಲ. ನಡುವೆ ಉಳಿದ ನೆಲ ದ್ವೀಪವಾಯಿತು. ನಮ್ಮ ಕುಂದಾಪುರದ ಕಡೆಯವರಿಗೆ ಅದಕ್ಕೆ ಪದ ಹುಡುಕಬೇಕಾಗಿಲ್ಲ, ಅದು ಕುದ್ರು.

ಬಯಲಿಗೆ ಮಾತ್ರ ಪದ ಸಿಗುತ್ತಿಲ್ಲ. 'ನದಿಪಾತ್ರ' ಅಂದರೆ ನೀರು ದಿನಾ ಹರಿಯುವ ಜಾಗ. 'ಮೆಕ್ಕಲು' ಅಂದರೆ ನೀರು ತಂದು ಹಾಕಿದ ಮಣ್ಣು. ಅಘನಾಶಿನಿ ಹೊಳೆ ಸಮುದ್ರ ಸೇರುವ ಕಡೆಯ 'ಗಜನಿ' ಗದ್ದೆ ತುಂಬಾ ಹತ್ತಿರ ಬರುತ್ತದೆ, ಆದರೆ ಅದರಲ್ಲಿ ಉಪ್ಪುನೀರು ಇದೆ, ಕಗ್ಗ ಭತ್ತ ಇದೆ. 'ನೆರೆಬಯಲು' ಅಂದರೆ ಪಕ್ಕದ ಬಯಲು ಅಂತಲೂ ಓದಬಹುದು. ನನಗೆ ಅದೇ ಇಷ್ಟವಾಯಿತು: ಹೊಳೆಯ ನೆರೆಯಲ್ಲಿರುವ, ನೆರೆ ಬಂದಾಗ ಹೊಳೆಗೇ ಸೇರುವ ಬಯಲು. ಆದರೆ ಇದು ನಾನು ಕಟ್ಟಿದ ಅರ್ಥ. ಬಾಯಲ್ಲಿ ಬಳಸಿ ಸವೆದ ಪದ ಇದ್ದರೆ ಅದೇ ಬೇಕು.

ಕೃಷ್ಣೆ, ಮಲಪ್ರಭೆ, ತುಂಗಭದ್ರೆಯ ದಂಡೆಯ ಊರಿನವರು ಯಾರಾದರೂ ಇದ್ದೀರಾ? ಮಳೆಗಾಲದಲ್ಲಿ ಮುಳುಗಿ, ನೀರಿಳಿದ ಮೇಲೆ ಬೆಳೆ ತೆಗೆಯುವ ಹೊಲಕ್ಕೆ ನಿಮ್ಮ ಮನೆಯ ಹಿರಿಯರು ಏನಂತಾರೆ? ಕೇಳಿ ತಿಳಿಸಿ. ಯಾವ ಊರಿನ ಮಾತು ಅಂತಲೂ ಬರೆಯಿರಿ.