ಸಹಾಯ ಬೇಕು: ಮಲ್ಪೆಯಲ್ಲಿ ತುರ್ತು ಚಿಕಿತ್ಸೆ ಕಲಿಸುವವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ. ಬೋಟುಗಳೆಲ್ಲ ದಕ್ಕೆಯಲ್ಲಿರುವ ಈ 61 ದಿನಗಳ ಒಳಗೆ ನಮ್ಮ ಮಲ್ಪೆಯ ಹುಡುಗರಿಗೆ ವಿಪತ್ತಿನ ಹೊತ್ತಿನ ತುರ್ತು ಚಿಕಿತ್ಸೆ ಕಲಿಸಬೇಕೆಂದಿದ್ದೇವೆ. 25-30 ಜನ ಸೇರಬಹುದು. ಹೆಚ್ಚಿನವರು ತಾಂಡೇಲರು (ಬೋಟು ನಡೆಸುವವರು), ಕಲಾಸಿಗಳು (ಬೋಟಿನ ಕೆಲಸಗಾರರು), ಒಂದಿಬ್ಬರು ರಿಕ್ಷಾದವರು.

ಭಾಷಣ ಬೇಡ, ಸ್ಲೈಡ್ ಶೋ ಅಂತೂ ಬೇಡವೇ ಬೇಡ. ಉಸಿರು, ಎದೆಬಡಿತ ನಿಂತವರಿಗೆ ಮಾಡುವ ಸಿಪಿಆರ್ ಅನ್ನು ತರಬೇತಿ ಗೊಂಬೆಯ ಮೇಲೆ ಒಬ್ಬೊಬ್ಬರೂ ಎದೆ ಒತ್ತಿಯೇ ಕಲಿಯಬೇಕು: 5 ಸೆಂ.ಮೀ. ಆಳ, ನಿಮಿಷಕ್ಕೆ 100ರಿಂದ 120 ಸಲ. ನೀರಿನಿಂದ ಎತ್ತಿದವರಿಗೆ ಎದೆ ಒತ್ತಿದರಷ್ಟೇ ಸಾಲದು, ಬಾಯಿಗೆ ಬಾಯಿಟ್ಟು ಉಸಿರೂ ಕೊಡಬೇಕು. ನಮ್ಮಲ್ಲಿ ಈಗಲೂ ಮೊದಲು ಮಾಡುವುದು ಹೊಟ್ಟೆ ಅಮುಕಿ ನೀರು ತೆಗೆಯುವ ಕೆಲಸ. ಹಾಗೆ ಅಮುಕಿದಾಗ ವಾಂತಿಯಾಗಿ ಅದು ಶ್ವಾಸಕೋಶಕ್ಕೆ ಇಳಿದರೆ ಮತ್ತೆ ಕೇಳುವುದೇ ಬೇಡ.

ಇನ್ನೊಂದು ಮುಖ್ಯ ವಿಷಯ. ಬೋಟು ಮಗುಚಿಯೋ ಬಸ್ಸು ಉರುಳಿಯೋ ಒಮ್ಮೆಗೇ ಹತ್ತಾರು ಜನ ಬಿದ್ದಿದ್ದರೆ ಯಾರನ್ನು ಮೊದಲು ಸಾಗಿಸುವುದು? ಬೊಬ್ಬೆ ಹಾಕುವವನ ಹತ್ತಿರ ಎಲ್ಲರೂ ಓಡುತ್ತಾರೆ, ಸದ್ದಿಲ್ಲದೆ ಮಲಗಿದವನ ಪ್ರಾಣವೇ ಹೋಗುತ್ತಿರಬಹುದು. ಉಸಿರು, ನಾಡಿ, ಹೇಳಿದ್ದಕ್ಕೆ ಸ್ಪಂದನೆ ನೋಡಿ ಕೆಂಪು (ಮೊದಲು ಸಾಗಿಸಬೇಕಾದವರು), ಹಳದಿ (ಸ್ವಲ್ಪ ಕಾಯಬಲ್ಲವರು), ಹಸಿರು (ಸಣ್ಣ ಗಾಯದವರು), ಕಪ್ಪು (ತೀರಿಕೊಂಡವರು ಅಥವಾ ಉಳಿಯುವ ಆಸೆ ಇಲ್ಲದವರು) ಪಟ್ಟಿ ಕಟ್ಟುವ ಕ್ರಮವನ್ನು ಅಣಕು ಕಾರ್ಯಾಚರಣೆ ಮಾಡಿಸಿಯೇ ಕಲಿಸುವವರು ಬೇಕು.

108ರಲ್ಲಿ ಕೆಲಸ ಮಾಡುವವರು, ಆಪದ ಮಿತ್ರ (ವಿಪತ್ತಿನಲ್ಲಿ ನೆರವಾಗುವ ಸ್ವಯಂಸೇವಕರಿಗೆ ಸರ್ಕಾರ ಕೊಡುವ) ತರಬೇತಿ ಆದವರು, ಎಮರ್ಜೆನ್ಸಿ ವಿಭಾಗದ ನರ್ಸ್, ಡಾಕ್ಟರುಗಳು ಯಾರಿದ್ದರೂ ತಿಳಿಸಿ. ತುಳು ಬಂದರೆ ಇನ್ನೂ ಒಳ್ಳೆಯದು. ಗೊಂಬೆಗಳನ್ನು ಎರಡು ದಿನಕ್ಕೆ ಎರವಲು ಕೊಡುವವರೂ ಬೇಕು. ಹಾಲ್ ನಮ್ಮದೇ ಇದೆ, ಹೋಗಿಬರುವ ಖರ್ಚು ಕೊಡುತ್ತೇವೆ. ಊಟಕ್ಕೆ ಮಾತ್ರ ಈಗ ತಾಜಾ ಮೀನು ಕಷ್ಟ, ಒಣಮೀನು ಚಟ್ನಿಯಲ್ಲಿ ಸುಧಾರಿಸಿಕೊಳ್ಳಬೇಕು. ಭಾನುವಾರವಾದರೆ ಎಲ್ಲರಿಗೂ ಅನುಕೂಲ. ಇನ್‌ಬಾಕ್ಸ್ ಮಾಡಿ.