ಐಸಿಯುನಲ್ಲಿರುವ ಅಪ್ಪನಿಗೆ ಲೂಸ್ ಮೋಷನ್, ಫೀಡ್ ನಿಲ್ಲಿಸಬೇಕಾ?

ಪ್ರಶ್ನೆ: ನಮಸ್ಕಾರ ಮೇಡಂ. ಅಪ್ಪನಿಗೆ 68 ವರ್ಷ. ನ್ಯುಮೋನಿಯಾ ಆಗಿ ಐಸಿಯುಗೆ ಸೇರಿಸಿದ್ದೇವೆ. ವೆಂಟಿಲೇಟರ್ ಹಾಕಿದ್ದಾರೆ, ಊಟ ಎಲ್ಲ ರೈಲ್ಸ್ ಟ್ಯೂಬ್‌ನಲ್ಲೇ (ಮೂಗಿನಿಂದ ಹೊಟ್ಟೆಗೆ ಹಾಕುವ ನಳಿಕೆ). ಜ್ವರ ಇಳಿದು ಇನ್ನೇನು ಸುಧಾರಿಸಿಕೊಳ್ತಾರೆ ಅನ್ನುವಷ್ಟರಲ್ಲಿ ಭೇದಿ ಶುರುವಾಯಿತು. ನಿನ್ನೆ ಒಂದೇ ದಿನ ಆರು ಸಲ ಡೈಪರ್ ಬದಲಾಯಿಸಿದರಂತೆ. ಸೇರಿಸುವಾಗ ಹೊಟ್ಟೆ ಚೆನ್ನಾಗೇ ಇತ್ತು. ಅತ್ತೆ "ಆ ಪೌಡರ್ ಹಾಲು ಒಗ್ತಿಲ್ಲ, ನಿಲ್ಲಿಸೋಕೆ ಹೇಳು" ಅಂತ ಹಟ ಹಿಡಿದಿದ್ದಾರೆ. ತಮ್ಮನಿಗೆ ಆಸ್ಪತ್ರೆಯ ನೀರಿನ ಮೇಲೆ ಅನುಮಾನ. ಡ್ಯೂಟಿ ಡಾಕ್ಟರನ್ನು ಕೇಳಿದರೆ "ಐಸಿಯುನಲ್ಲಿ ಇದೆಲ್ಲ ಕಾಮನ್" ಅಂದು ಹೋದರು. ನಿಜವಾಗಲೂ ಕಾಮನ್ನಾ?

ಉತ್ತರ (ಐಸಿಯು ವೈದ್ಯೆ): ಕಾಮನ್ ಹೌದು. ಹಾಗಂತ ಕಾರಣ ಹುಡುಕದೆ ಬಿಡುವ ವಿಷಯ ಅಲ್ಲ. ಫೀಡ್ ಮಾತ್ರ ನಿಲ್ಲಿಸಲು ಹೇಳಬೇಡಿ. ಮೊದಲು ನೋಡಬೇಕಾದದ್ದು ಔಷಧಿ ಚಾರ್ಟ್.

ನ್ಯುಮೋನಿಯಾಗೆ ಪಿಪರಾಸಿಲಿನ್, ಮೆರೋಪೆನೆಮ್ ತರಹದ ಜೋರಾದ ಆಂಟಿಬಯೋಟಿಕ್ ನಡೆಯುತ್ತಿರುತ್ತದೆ. ಅದು ಶ್ವಾಸಕೋಶದ ಕ್ರಿಮಿಯನ್ನಷ್ಟೇ ಕೊಲ್ಲುವುದಿಲ್ಲ, ಕರುಳಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಹೊಡೆಯುತ್ತದೆ. ಅವು ಕಡಿಮೆಯಾದರೆ ಅರಗದೆ ಉಳಿದ ಪಿಷ್ಟ, ನಾರು ಹಾಗೇ ದೊಡ್ಡ ಕರುಳಿನಲ್ಲಿ ನಿಂತು ನೀರನ್ನು ಎಳೆದುಕೊಳ್ಳುತ್ತವೆ. ಭೇದಿ ಆಗುತ್ತದೆ.

ಆಮೇಲೆ ಸಿರಪ್‌ಗಳು. ಟ್ಯೂಬ್‌ನಲ್ಲಿ ಮಾತ್ರೆ ಹೋಗುವುದು ಕಷ್ಟ ಅಂತ ಎಷ್ಟೋ ಔಷಧಿಯನ್ನು ಸಿರಪ್ ರೂಪದಲ್ಲಿ ಕೊಡುತ್ತಾರೆ. ಪ್ಯಾರಸಿಟಮಾಲ್ ಸಿರಪ್ ಸೇರಿದಂತೆ ಹಲವು ಸಿರಪ್‌ಗಳಲ್ಲಿ ಸಿಹಿಗೆ ಸಾರ್ಬಿಟಾಲ್ ಹಾಕಿರುತ್ತಾರೆ, ಅದು ಜಾಸ್ತಿಯಾದರೆ ತಾನೇ ಭೇದಿ ಔಷಧಿ. ಪೊಟ್ಯಾಸಿಯಂ ಸಿರಪ್ಪನ್ನು ನೀರು ಬೆರೆಸದೆ ಹಾಗೇ ತಳ್ಳಿದರೂ ಇದೇ ಕಥೆ.

ಇನ್ನೊಂದು ನನಗೆ ರೌಂಡ್ಸ್‌ನಲ್ಲಿ ಪದೇ ಪದೇ ಸಿಗುವುದು. ಮೊದಲ ದಿನಗಳಲ್ಲಿ ಫೆಂಟನಿಲ್ ಕೊಟ್ಟು ಮಲಗಿಸಿರುತ್ತಾರೆ, ಅದರಿಂದ ಮಲಬದ್ಧತೆ. ಅದಕ್ಕೆ ಲ್ಯಾಕ್ಟುಲೋಸ್ ಬರೆದಿರುತ್ತಾರೆ. ಆಮೇಲೆ ಭೇದಿ ಶುರುವಾಗುತ್ತದೆ, ಅದನ್ನು ಎಲ್ಲರೂ ಬರೆದಿಡುತ್ತಾರೆ. ಆದರೆ ಚಾರ್ಟ್‌ನ ಕೆಳಗಿನ ಸಾಲಿನಲ್ಲಿ "ಲ್ಯಾಕ್ಟುಲೋಸ್ 30 ಎಂಎಲ್ ರಾತ್ರಿ" ಅಂತ ದಿನಾ ಟಿಕ್ ಬೀಳುತ್ತಲೇ ಇರುತ್ತದೆ, ನಿಲ್ಲಿಸುವವರೇ ಇಲ್ಲ! ಆದ್ದರಿಂದ ನಾಳೆ ವಿಸಿಟಿಂಗ್ ಟೈಮ್‌ನಲ್ಲಿ ಜಗಳ ಮಾಡದೆ ಇಷ್ಟು ಕೇಳಿ: "ಡಾಕ್ಟರೇ, ಮೋಷನ್ ಆಗೋ ಔಷಧಿ ಯಾವುದಾದರೂ ಇನ್ನೂ ನಡೀತಿದೆಯಾ? ಸಿ ಡಿಫ್ ಟೆಸ್ಟ್ ಕಳಿಸಿದ್ದೀರಾ?"

ಸದಸ್ಯರೊಬ್ಬರು: ಸಿ ಡಿಫ್ ಅಂದರೆ?

ಉತ್ತರ: ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಅನ್ನುವ ಬ್ಯಾಕ್ಟೀರಿಯಾ. ಆಂಟಿಬಯೋಟಿಕ್ ತಗೊಂಡು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಖಾಲಿಯಾದಾಗ ಇದು ಜಾಗ ಹಿಡಿದು ವಿಷ ಬಿಡುತ್ತದೆ, ದೊಡ್ಡ ಕರುಳು ಊದಿಕೊಳ್ಳುತ್ತದೆ. ಐಸಿಯು ಭೇದಿಯಲ್ಲಿ ಇದರ ಪಾಲು ಕಡಿಮೆಯೇ, ಆದರೆ ತಪ್ಪಿಹೋದರೆ ಪ್ರಾಣಕ್ಕೇ ಬರಬಹುದು. ದಿನಕ್ಕೆ ಮೂರು ಅಥವಾ ಅದಕ್ಕಿಂತ ಹೆಚ್ಚು ಸಲ ನೀರಾಗಿ ಹೋಗುತ್ತಿದ್ದು, ಜೊತೆಗೆ ಮತ್ತೆ ಜ್ವರ ಬಂದು ಬಿಳಿ ರಕ್ತಕಣ ಏರುತ್ತಿದ್ದರೆ ಮಲದ ಟೆಸ್ಟ್ ಕಳಿಸಲೇಬೇಕು. ಗಟ್ಟಿ ಮಲ ಕಳಿಸಿ ಪ್ರಯೋಜನ ಇಲ್ಲ. ಪಾಸಿಟಿವ್ ಬಂದರೆ ವ್ಯಾಂಕೊಮೈಸಿನ್ 125 ಮಿ.ಗ್ರಾಂ, ದಿನಕ್ಕೆ 4 ಸಲ, ಸಾಮಾನ್ಯವಾಗಿ 10 ದಿನ. ಅದೂ ಬಾಯಿಂದ ಅಥವಾ ಟ್ಯೂಬ್‌ನಿಂದ. ಇದೇ ಔಷಧಿಯನ್ನು ಡ್ರಿಪ್‌ನಲ್ಲಿ ಕೊಟ್ಟರೆ ಕರುಳಿನೊಳಗೆ ಸಾಕಷ್ಟು ತಲುಪುವುದಿಲ್ಲ.

ಇನ್ನೊಂದು ಮಾತು. ಭೇದಿ ಇದ್ದಕ್ಕಿದ್ದಂತೆ ನಿಂತು ಹೊಟ್ಟೆ ಉಬ್ಬಿ ಬಿಗಿಯಾದರೆ "ಅಬ್ಬಾ, ನಿಂತಿತು" ಅಂದುಕೊಳ್ಳಬೇಡಿ. ಕರುಳು ಸೋತಿರಬಹುದು. ತಕ್ಷಣ ಹೇಳಿ.

ಇನ್ನೊಬ್ಬ ಸದಸ್ಯರು: ನಮ್ಮ ಮಾವನಿಗೆ ಹೀಗೇ ಆದಾಗ ಲೋಪೆರಮೈಡ್ ಮಾತ್ರೆ, ಜೊತೆಗೆ ಪ್ರೋಬಯಾಟಿಕ್ (ಕರುಳಿಗೆ ಒಳ್ಳೆಯ ಜೀವಂತ ಸೂಕ್ಷ್ಮಾಣುಗಳ) ಸ್ಯಾಚೆ ಕೊಟ್ಟಿದ್ದರು. ಬೇಗ ನಿಂತಿತು. ಅದನ್ನೇ ಕೊಡಬಹುದಲ್ವಾ?

ಉತ್ತರ: ನಿಮ್ಮ ಮಾವನವರಿಗೆ ಒಳ್ಳೆಯದಾಯಿತು, ಸಂತೋಷ. ಆದರೆ ಸಿ ಡಿಫ್ ಇಲ್ಲ ಅಂತ ಖಾತ್ರಿಯಾಗುವ ಮುಂಚೆ ಕರುಳಿನ ಚಲನೆ ನಿಲ್ಲಿಸುವ ಮಾತ್ರೆ ಬೇಡ, ವಿಷ ಒಳಗೇ ಉಳಿಯುತ್ತದೆ. ಪ್ರೋಬಯಾಟಿಕ್ ವಿಷಯದಲ್ಲಿ ನಾನು ಸ್ವಲ್ಪ ಖಡಕ್. ಮನೆಯಲ್ಲಿ ಮಕ್ಕಳಿಗೆ ಭೇದಿಯಾದಾಗ ಕೊಡುವುದು ಬೇರೆ, ಕುತ್ತಿಗೆಯಲ್ಲಿ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕಿದ ನಳಿಕೆ) ಇರುವ ರೋಗಿಗೆ ಕೊಡುವುದು ಬೇರೆ. ಕೆಲವು ಸ್ಯಾಚೆಯಲ್ಲಿ ಸ್ಯಾಕರೋಮೈಸಿಸ್ ಬೌಲಾರ್ಡಿ ಅನ್ನುವ ಜೀವಂತ ಯೀಸ್ಟ್ ಇರುತ್ತದೆ. ಬೆಡ್ ಪಕ್ಕ ಪ್ಯಾಕೆಟ್ ಹರಿದಾಗ ಹಾರುವ ಪುಡಿ ಅಥವಾ ಅದೇ ಕೈ ಲೈನ್‌ಗೆ ತಾಗಿ, ಯೀಸ್ಟ್ ರಕ್ತಕ್ಕೆ ಸೇರಿದ ಪ್ರಕರಣಗಳಿವೆ. ಸುಮ್ನೆ ಒಂದು ಇರಲಿ ಅಂತ ಕೊಡುವ ವಸ್ತು ಅಲ್ಲ.

ಪ್ರಶ್ನೆ ಕೇಳಿದವರು: ಫೀಡ್ ಯಾಕೆ ನಿಲ್ಲಿಸಬಾರದು? ಅತ್ತೆ ಮನೆಯಿಂದ ಗಂಜಿ ಮಾಡಿ ಕಳಿಸ್ತೀನಿ ಅಂತಿದ್ದಾರೆ.

ಉತ್ತರ: ಅತ್ತೆಯವರ ಪ್ರೀತಿ ಅರ್ಥವಾಗುತ್ತದೆ, ಆದರೆ ಗಂಜಿ ಬೇಡ. ವೆಂಟಿಲೇಟರ್‌ನಲ್ಲಿರುವವರ ಮಾಂಸಖಂಡ ದಿನದಿನಕ್ಕೆ ಕರಗುತ್ತದೆ. ಆಹಾರವೂ ನಿಂತರೆ ಉಸಿರಾಟದ ಸ್ನಾಯುಗಳೂ ಸೊರಗುತ್ತವೆ, ವೆಂಟಿಲೇಟರ್ ತೆಗೆಯುವುದು ಇನ್ನೂ ತಡ. ಗಂಜಿಯಲ್ಲಿ ಬೇಕಾದಷ್ಟು ಪ್ರೋಟೀನ್ ಇಲ್ಲ, ಟ್ಯೂಬ್ ಬ್ಲಾಕ್ ಆಗುತ್ತದೆ, ದಾರಿಯಲ್ಲಿ ಬಿಸಿಯಾರಿ ಕ್ರಿಮಿ ಬೆಳೆಯುತ್ತದೆ. ಬೇಕಿದ್ದರೆ ಡಯಟೀಷಿಯನ್ ಫೀಡ್ ಬದಲಾಯಿಸುತ್ತಾರೆ, ಅಥವಾ ಒಂದೇ ಸಲ ಸಿರಿಂಜ್‌ನಲ್ಲಿ ತಳ್ಳುವ ಬದಲು ಪಂಪ್‌ನಲ್ಲಿ ನಿಧಾನಕ್ಕೆ ಹೋಗುವ ಹಾಗೆ ಮಾಡುತ್ತಾರೆ. ಪೌಡರ್ ಕಲಸಿದ ಫೀಡನ್ನು 4 ಗಂಟೆಗಿಂತ ಹೆಚ್ಚು ನೇತುಹಾಕಬಾರದು, ಇದು ಮಾತ್ರ ಕೇಳಿ ನೋಡಿ. ನಿಮ್ಮ ತಮ್ಮನ ಅನುಮಾನ ಪೂರ್ತಿ ತಳ್ಳಿಹಾಕುವಂಥದ್ದಲ್ಲ, ಆದರೆ ನೀರಿಗಿಂತ ಕಲಸುವ ಕೈ, ತೊಳೆಯದ ಸಿರಿಂಜ್ ಕಡೆ ಗಮನ ಇರಲಿ.

ಐಸಿಯು ಸ್ಟಾಫ್ ನರ್ಸ್: ಮೇಡಂ, ಚರ್ಮದ ಬಗ್ಗೆಯೂ ಹೇಳಿ. ಒದ್ದೆ ಡೈಪರ್‌ನಲ್ಲಿ ಅರ್ಧ ದಿನ ಬಿಟ್ಟರೆ ಸಾಕು, ಸೊಂಟದ ಕೆಳಗೆ ಕೆಂಪಾಗಿ ಚರ್ಮ ಸುಲಿಯುತ್ತದೆ, ಅಲ್ಲಿಂದ ಬೆಡ್ ಸೋರ್. ನಾವು ಉಜ್ಜದೆ ಒತ್ತಿ ಒರೆಸಿ, ಒಣಗಿಸಿ, ಜಿಂಕ್ ಆಕ್ಸೈಡ್ ಕ್ರೀಮ್ ಹಚ್ಚುತ್ತೇವೆ. ಮನೆಯವರು ಕ್ರೀಮ್ ತಂದುಕೊಟ್ಟರೆ ಬೇಜಾರಿಲ್ಲ.

ಉತ್ತರ: ಸರಿಯಾಗಿ ಹೇಳಿದಿರಿ ಸಿಸ್ಟರ್. ಜೊತೆಗೆ ಪೊಟ್ಯಾಸಿಯಂ, ಮೆಗ್ನೀಸಿಯಂ ದಿನಾ ನೋಡುತ್ತಿರಬೇಕು. ಭೇದಿಯಲ್ಲಿ ಇವೆರಡೂ ಇಳಿದರೆ ಹೃದಯದ ಬಡಿತ ತಪ್ಪಬಹುದು.

ಪ್ರಶ್ನೆ ಕೇಳಿದವರು (ಮರುದಿನ): ಮೇಡಂ, ನೀವು ಹೇಳಿದ ಹಾಗೇ ಕೇಳಿದೆ. ಲ್ಯಾಕ್ಟುಲೋಸ್ ನಡೀತಾನೇ ಇತ್ತು! ನಿಲ್ಲಿಸಿದರು, ಟೆಸ್ಟ್ ಕೂಡ ಕಳಿಸಿದ್ದಾರೆ. ರಿಪೋರ್ಟ್ ಬರುವವರೆಗೆ ನಾವು ಒಳಗೆ ಹೋಗಬಹುದಾ? ಬಾಗಿಲಲ್ಲಿ ಸ್ಯಾನಿಟೈಸರ್ ಇದೆ.

ಉತ್ತರ: ಹೋಗಿ, ಆದರೆ ಒಬ್ಬೊಬ್ಬರೇ. ಗೌನ್, ಗ್ಲೌಸ್ ಕೊಟ್ಟರೆ ಹಾಕಿಕೊಳ್ಳಿ. ಸ್ಯಾನಿಟೈಸರ್ ನಂಬಬೇಡಿ, ಸಿ ಡಿಫ್‌ನ ಸ್ಪೋರ್‌ಗಳು (ಗಟ್ಟಿ ಕವಚದ ಬೀಜದಂಥ ರೂಪ) ಆಲ್ಕೋಹಾಲ್‌ಗೆ ಸಾಯುವುದಿಲ್ಲ. ಹೊರಗೆ ಬರುವಾಗ ಸೋಪು ಹಚ್ಚಿ, ಹರಿಯುವ ನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆಯಿರಿ. ಬೆಡ್ ಕಂಬಿ, ಟೇಬಲ್ ಒರೆಸುವುದಕ್ಕೂ ಬ್ಲೀಚ್ ದ್ರಾವಣವೇ ಬೇಕು, ಅದನ್ನು ಅಲ್ಲಿನವರು ನೋಡಿಕೊಳ್ಳುತ್ತಾರೆ. ಡಿಸ್ಚಾರ್ಜ್ ಆದಮೇಲೆ ಎರಡು ಮೂರು ತಿಂಗಳೊಳಗೆ ಮತ್ತೆ ಭೇದಿ ಶುರುವಾದರೆ ಮೆಡಿಕಲ್ ಶಾಪ್‌ನಿಂದ ಮಾತ್ರೆ ತಂದು ಕೊಡಬೇಡಿ. ಡಿಸ್ಚಾರ್ಜ್ ಸಮ್ಮರಿ ಹಿಡಿದು ಡಾಕ್ಟರ ಹತ್ತಿರ ಹೋಗಿ, ಯಾವ ಆಂಟಿಬಯೋಟಿಕ್ ಕೊಟ್ಟಿದ್ದರು ಅನ್ನುವುದು ಅದರಲ್ಲೇ ಇರುತ್ತದೆ.