ಮಗಳ ರಂಗಪ್ರವೇಶಕ್ಕೆ ಯಾವ ಲೆನ್ಸ್ ತಗೊಳ್ಳಲಿ? ಅನುಭವ ಇರುವವರು ಹೇಳಿ

ಮಲ್ಲೇಶ್ವರದಿಂದ, ಕೇಳಿದವರು:

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಮಗಳ ಭರತನಾಟ್ಯ ರಂಗಪ್ರವೇಶ ಇದೆ. ಹತ್ತು ವರ್ಷ ಕಲಿತಿದ್ದಾಳೆ. ಫೋಟೋಗ್ರಾಫರ್ ಒಬ್ಬರನ್ನು ಗೊತ್ತು ಮಾಡಿದ್ದೇವೆ. ಆದರೂ ನನ್ನ ಕೈಯಿಂದ ಒಂದಷ್ಟು ಒಳ್ಳೆಯ ಫೋಟೋ ಬರಲಿ ಅಂತ ತುಂಬ ಆಸೆ. ಮನೆಯಲ್ಲಿ ಎಂಟು ವರ್ಷ ಹಳೆಯ ಡಿಎಸ್‌ಎಲ್‌ಆರ್ ಇದೆ. ಅದರ ಜೊತೆಗೇ ಬಂದ 18-55 ಎಂಎಂ ಲೆನ್ಸ್ ಇದೆ. ಹೋದ ವರ್ಷ ಗುರುಪೂರ್ಣಿಮೆ ಕಾರ್ಯಕ್ರಮದಲ್ಲಿ ಆಟೋ ಮೋಡ್‌ನಲ್ಲಿ ತೆಗೆದೆ. ಕೈಕಾಲೆಲ್ಲ ಕಲಸಿಹೋಗಿವೆ. ಮುಖಕ್ಕೆ ಸುಣ್ಣ ಬಳಿದ ಹಾಗಿದೆ. ಅಂಗಡಿಯಲ್ಲಿ ಕೇಳಿದರೆ ಲಕ್ಷ ದಾಟುವ ಲೆನ್ಸ್ ತೋರಿಸಿದರು. ಅಷ್ಟು ಖರ್ಚು ಮಾಡಲೇಬೇಕಾ?

ಜಯನಗರದಿಂದ:

ಮೇಡಂ, ಲೆನ್ಸ್ ಮಾತು ಆಮೇಲೆ. ಕೆಟ್ಟುಹೋದ ಆ ಫೋಟೋಗಳನ್ನು ಅಳಿಸಿಲ್ಲ ಅಲ್ವಾ? ಕಂಪ್ಯೂಟರ್‌ನಲ್ಲಿ ಒಂದನ್ನು ತೆಗೆದು ಅದರ ವಿವರ ನೋಡಿ. ಶಟರ್ ಸ್ಪೀಡ್, ಎಫ್ ಸಂಖ್ಯೆ, ಐಎಸ್‌ಒ (ಬಂದ ಬೆಳಕನ್ನು ಎಷ್ಟು ದೊಡ್ಡದು ಮಾಡಬೇಕು ಅನ್ನುವ ಸಂಖ್ಯೆ) ಮೂರೂ ಇರುತ್ತವೆ. ಅದನ್ನು ಬರೆಯಿರಿ. ಏನು ತಪ್ಪಿದೆ ಅಂತ ಫೋಟೋನೇ ಹೇಳುತ್ತದೆ.

ಮಲ್ಲೇಶ್ವರದಿಂದ, ಕೇಳಿದವರು:

ನೋಡಿದೆ ಸರ್. 1/30, ಎಫ್ 5.6, ಐಎಸ್‌ಒ 1600. ಜೂಮ್ ಪೂರ್ತಿ 55ರಲ್ಲಿತ್ತು.

ಜಯನಗರದಿಂದ:

ಹಾಗಿದ್ದರೆ ಕಾರಣ ಸಿಕ್ಕಿತು. 1/30 ಅಂದರೆ ಒಂದು ಸೆಕೆಂಡಿನ ಮೂವತ್ತನೇ ಒಂದು ಭಾಗ ಶಟರ್ ತೆರೆದಿತ್ತು. ಆ ಹೊತ್ತಿನಲ್ಲಿ ಕುಣಿಯುವ ಮಗುವಿನ ಕೈ ಎಷ್ಟೋ ದೂರ ಹೋಗಿರುತ್ತದೆ. ಆ ದಾರಿಯೆಲ್ಲ ಫೋಟೋದಲ್ಲಿ ಉಳಿದಿದೆ. ಇದು ಫೋಕಸ್ ತಪ್ಪಿದ್ದಲ್ಲ, ನಿಮ್ಮ ಕೈ ನಡುಗಿದ್ದೂ ಅಲ್ಲ. ಹಿಂದಿನ ಪರದೆ, ದೀಪದ ಕಂಬ ಸ್ಪಷ್ಟವಾಗಿದ್ದು ಮಗಳು ಮಾತ್ರ ಕಲಸಿದ್ದರೆ ಖಾತ್ರಿ ಮಾಡಿಕೊಳ್ಳಿ. ಲೆನ್ಸ್ ಮೇಲೆ ಸ್ಟೆಬಿಲೈಜರ್ ಅಂತ ಬರೆದಿರುತ್ತದಲ್ಲ, ಅದು ನಮ್ಮ ಕೈಯ ನಡುಕವನ್ನಷ್ಟೇ ತಡೆಯುತ್ತದೆ. ಎದುರಿನವರ ಓಡಾಟವನ್ನು ತಡೆಯುವುದಿಲ್ಲ.

ನಾನು ಹದಿನೈದು ವರ್ಷದಿಂದ ನೃತ್ಯ, ನಾಟಕದ ಫೋಟೋ ತೆಗೆಯುತ್ತಿದ್ದೇನೆ. ಮುಖಭಾವವೇ ಮುಖ್ಯವಾದ, ನಿಧಾನದ ಪದಗಳಿಗೆ 1/125 ಸಾಕಾಗುತ್ತದೆ. ಚುರುಕು ಹೆಜ್ಜೆಗಳ ಜತಿಗೆ, ತಿಲ್ಲಾನಕ್ಕೆ 1/250 ಬೇಕು. ಹಾರುವ ಅಡವು ಇದ್ದರೆ 1/500. ನಿಮ್ಮ 1/30ರಿಂದ 1/250ಕ್ಕೆ ಹೋಗಬೇಕು ಅಂದರೆ ಸುಮಾರು ಎಂಟು ಪಟ್ಟು ಬೆಳಕು ಬೇಕು. ಅದನ್ನು ಎಲ್ಲಿಂದ ತರುವುದು ಅನ್ನುವುದೇ ನಿಮ್ಮ ನಿಜವಾದ ಪ್ರಶ್ನೆ.

ಒಂದು ದಾರಿ ಲೆನ್ಸಿನ ಬಾಯಿ. ಎಫ್ ಸಂಖ್ಯೆ ಅಂದರೆ ಲೆನ್ಸಿನ ಫೋಕಲ್ ಲೆಂತ್ ಅನ್ನು, ಅಂದರೆ ಆ 50, 55 ಎಂಎಂ ಸಂಖ್ಯೆಯನ್ನು, ಬೆಳಕು ಬರುವ ಆ ರಂಧ್ರದ ಅಗಲದಿಂದ ಭಾಗಿಸಿದ್ದು. 55 ಎಂಎಂನಲ್ಲಿ ಎಫ್ 5.6 ಅಂದರೆ ರಂಧ್ರದ ಅಗಲ ಸುಮಾರು 10 ಎಂಎಂ, ಅಂಗಿ ಗುಂಡಿಯಷ್ಟು. 50 ಎಂಎಂ ಎಫ್ 1.8 ಲೆನ್ಸಿನಲ್ಲಿ ಅದು ಸುಮಾರು 28 ಎಂಎಂ, ಹತ್ತು ರೂಪಾಯಿ ನಾಣ್ಯದಷ್ಟು. ಗುಂಡಿಯ ಪಕ್ಕ ನಾಣ್ಯ ಇಟ್ಟು ನೋಡಿ, ಲೆಕ್ಕ ಕಣ್ಣಿಗೇ ಕಾಣುತ್ತದೆ. 1.4, 2, 2.8, 4, 5.6, 8 ಹೀಗೆ ಹೋಗುವ ಸಾಲಿನಲ್ಲಿ ಒಂದೊಂದು ಹೆಜ್ಜೆಗೂ ಬೆಳಕು ಅರ್ಧ ಆಗುತ್ತದೆ. 5.6ರಿಂದ 2ಕ್ಕೆ ಬಂದರೆ ಮೂರು ಹೆಜ್ಜೆ, ಎಂಟು ಪಟ್ಟು ಬೆಳಕು. ಅದೇ ಐಎಸ್‌ಒ 1600ರಲ್ಲಿ ನಿಮಗೆ 1/250 ಸಿಕ್ಕಿತು! ಈ 50 ಎಂಎಂ ಲೆನ್ಸಿಗೆ ಹತ್ತು ಸಾವಿರದ ಆಸುಪಾಸು ಆಗುತ್ತದೆ. ಲಕ್ಷ ಬೇಡ.

ಅದರಲ್ಲಿ ಜೂಮ್ ಇಲ್ಲವಲ್ಲ ಅಂತ ಅಂಜಬೇಡಿ. ನಿಮ್ಮ ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್ ಚಿಕ್ಕದು, ಹಾಗಾಗಿ 50 ಎಂಎಂ ಲೆನ್ಸ್ ಸ್ವಲ್ಪ ಹತ್ತಿರಕ್ಕೆ ಎಳೆದು ತೋರಿಸುತ್ತದೆ. ದೊಡ್ಡ ಸೆನ್ಸರ್‌ನ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 75 ಅಥವಾ 80 ಎಂಎಂ ಹಾಕಿದ ಹಾಗೆ. 25 ಅಡಿ ದೂರದಲ್ಲಿ ಕೂತು ಕ್ಯಾಮೆರಾ ಅಡ್ಡ ಹಿಡಿದರೆ ಮೇಲಿಂದ ಕೆಳಗೆ ಸುಮಾರು ಏಳೂವರೆ ಅಡಿ ಜಾಗ ಬರುತ್ತದೆ. ಕೈ ಮೇಲೆತ್ತಿದರೂ, ಅರೆಮಂಡಿಯಲ್ಲಿ ಕೂತರೂ ಮಗಳು ಪೂರ್ತಿ ಒಳಗಿರುತ್ತಾಳೆ. ಮೂರನೆಯದೋ ನಾಲ್ಕನೆಯದೋ ಸಾಲು, ದಾರಿಯ ಪಕ್ಕದ ಸೀಟು ಹಿಡಿಯಿರಿ. ದಯವಿಟ್ಟು ಗೆಜ್ಜೆ, ಪಾದ ಕತ್ತರಿಸಬೇಡಿ. ಭರತನಾಟ್ಯದ ಫೋಟೋದಲ್ಲಿ ಪಾದ ಹೋದರೆ ನನಗೆ ಹೊಟ್ಟೆ ಉರಿಯುತ್ತದೆ.

ರಾಜಾಜಿನಗರದಿಂದ:

ಅಕ್ಕಾ, 50ರ ಬದಲು 85 ಎಂಎಂ ಎಫ್ 1.8 ನೋಡಿ. ಮುಖಭಾವ ಅದರಲ್ಲಿ ಬರುವ ಹಾಗೆ ಬೇರೆ ಯಾವುದರಲ್ಲೂ ಬರುವುದಿಲ್ಲ. ನನ್ನ ತಂಗಿಯ ಕಾರ್ಯಕ್ರಮಕ್ಕೆ ಅದನ್ನೇ ಬಾಡಿಗೆಗೆ ತಂದಿದ್ದೆ. ಬೆಂಗಳೂರಿನಲ್ಲಿ ಒಂದು ದಿನದ ಮಟ್ಟಿಗೂ ಲೆನ್ಸ್ ಬಾಡಿಗೆಗೆ ಸಿಗುತ್ತದೆ. ಗುರುತಿನ ಚೀಟಿ, ಡಿಪಾಸಿಟ್ ಕೇಳುತ್ತಾರೆ ಅಷ್ಟೇ.

ಜಯನಗರದಿಂದ:

ಬಾಡಿಗೆ ಒಳ್ಳೆಯ ಮಾತು. ಆದರೆ ಅದೇ 25 ಅಡಿಯಿಂದ 85ರಲ್ಲಿ ಅಡ್ಡ ಹಿಡಿದರೆ ಸುಮಾರು ನಾಲ್ಕೂವರೆ ಅಡಿಯಷ್ಟೇ ಸಿಗುತ್ತದೆ. ಅರ್ಧ ದೇಹ. ಉದ್ದ ಹಿಡಿದರೂ ಆರೂವರೆ ಅಡಿ, ಕೈ ಎತ್ತಿದರೆ ಬೆರಳು ಹೋಯಿತು. ಅಭಿನಯಕ್ಕೆ 85 ಚಿನ್ನ, ಒಪ್ಪುತ್ತೇನೆ. ಒಂದೇ ಲೆನ್ಸ್ ಅಂದರೆ ನನ್ನ ಮಟ್ಟಿಗೆ 50ನೇ.

ಬಸವನಗುಡಿಯಿಂದ:

ಐಎಸ್‌ಒ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ಮೊದಲ ಸಲ ಕರಗಕ್ಕೆ ಕ್ಯಾಮೆರಾ ತಗೊಂಡು ಹೋದಾಗ ಐಎಸ್‌ಒ 800 ದಾಟಬಾರದು ಅಂತ ಯಾರೋ ಹೇಳಿದ್ದನ್ನು ನಂಬಿದ್ದೆ. ಚೈತ್ರದ ಹುಣ್ಣಿಮೆ, ತಿಗಳರಪೇಟೆಯ ಕಿರಿದಾದ ಬೀದಿ, ನಡುರಾತ್ರಿ ಕಳೆದಿದೆ. ಧರ್ಮರಾಯನ ಗುಡಿಯಿಂದ ಕರಗ ಹೊರಬಂದು ಕಣ್ಣೆದುರೇ ಹೋಯಿತು. ಮಲ್ಲಿಗೆಯ ಆ ಗೋಪುರ, ಸುತ್ತ ಕತ್ತಿ ಹಿಡಿದ ವೀರಕುಮಾರರು. ಮನೆಗೆ ಬಂದು ನೋಡಿದರೆ ಒಂದೂ ನಿಂತಿಲ್ಲ, ಎಲ್ಲ ಬೆಳಕಿನ ಗೆರೆ. ಅಳು ಬಂದಿತ್ತು. ಮರುವರ್ಷ ಐಎಸ್‌ಒ 6400, ಎಫ್ 2, 1/125 ಇಟ್ಟು ಹೋದೆ. ಫೋಟೋದಲ್ಲಿ ಕಾಳು ಕಾಳು ಇದೆ ನಿಜ. ಆದರೆ ಕರಗ ಹೊತ್ತವರ ಕಣ್ಣು ಕಾಣುತ್ತದೆ. ಅದರ ಪ್ರಿಂಟ್ ಈಗಲೂ ನಮ್ಮ ಹಾಲ್‌ನಲ್ಲಿದೆ. ಬಂದವರಲ್ಲಿ ಒಬ್ಬರೂ ಕಾಳಿನ ಬಗ್ಗೆ ಕೇಳಿಲ್ಲ.

ಐಎಸ್‌ಒ ಏರಿಸಿದರೆ ಸೆನ್ಸರ್‌ಗೆ ಜಾಸ್ತಿ ಬೆಳಕು ಬರುವುದಿಲ್ಲ. ಬಂದಷ್ಟನ್ನೇ ದೊಡ್ಡದು ಮಾಡುತ್ತದೆ. ಸರಿಯಾಗಿ ಸಿಗದ ರೇಡಿಯೋ ಸ್ಟೇಷನ್‌ಗೆ ವಾಲ್ಯೂಮ್ ಏರಿಸಿದರೆ ಹಾಡಿನ ಜೊತೆ ಗರಗರ ಸದ್ದೂ ಏರುತ್ತದಲ್ಲ, ಹಾಗೆ. ಗರಗರ ಇದ್ದರೂ ಹಾಡು ಕೇಳಬಹುದು. ಕಲಸಿಹೋದ ಕೈಯನ್ನು ಮಾತ್ರ ಆಮೇಲೆ ಯಾರೂ ಸರಿ ಮಾಡಲಾರರು. ನಿಮ್ಮ ಹಳೆಯ ಕ್ಯಾಮೆರಾದಲ್ಲೂ 3200ರವರೆಗೆ ಧೈರ್ಯವಾಗಿ ಹೋಗಿ ಮೇಡಂ.

ಮಲ್ಲೇಶ್ವರದಿಂದ, ಕೇಳಿದವರು:

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಎರಡು ಅನುಮಾನ. ಎಫ್ 2ರಲ್ಲಿ ಒಂದು ಕಣ್ಣು ಸ್ಪಷ್ಟ, ಇನ್ನೊಂದು ಮಸುಕು ಆಗುತ್ತದೆ ಅಂತಾರಲ್ಲ? ಮತ್ತೆ, ಮುಖ ಸುಣ್ಣದ ಹಾಗೆ ಆಗಿದ್ದು ಯಾಕೆ?

ಜಯನಗರದಿಂದ:

ಮೊದಲನೆಯದು ದೂರದ ಮೇಲೆ ನಿಂತಿದೆ. 25 ಅಡಿಯಿಂದ, 50 ಎಂಎಂ, ಎಫ್ 2ರಲ್ಲಿ ಸ್ಪಷ್ಟವಾಗಿ ಬರುವ ಆಳ ಐದೂವರೆ ಅಡಿಗೂ ಸ್ವಲ್ಪ ಜಾಸ್ತಿ. ಮಗಳು ಎರಡು ಹೆಜ್ಜೆ ಮುಂದೆ ಬಂದರೂ ಏನೂ ಆಗುವುದಿಲ್ಲ. ಅದೇ ಲೆನ್ಸ್ ಹಿಡಿದು ಗ್ರೀನ್ ರೂಮಿಗೆ ಹೋಗಿ ನಾಲ್ಕು ಅಡಿಯಿಂದ ಮುಖ ತೆಗೆದರೆ ಆ ಆಳ ನಾಲ್ಕು ಸೆಂಟಿಮೀಟರ್ ಆಸುಪಾಸಿಗೆ ಇಳಿಯುತ್ತದೆ. ಕಣ್ಣಿಗೆ ಫೋಕಸ್ ಮಾಡಿದರೆ ಕಿವಿಯ ಓಲೆ ಮಸುಕು. ನೀವು ಕೇಳಿದ್ದು ಆ ಕಥೆ. ಗ್ರೀನ್ ರೂಮಿನಲ್ಲಿ ಎಫ್ 4ಕ್ಕೆ ಹೋಗಿ, ಐಎಸ್‌ಒ ಏರಿಸಿ.

ಹಾಗೇ ಅಲ್ಲಿ ಹಳೆಯ ಲೆನ್ಸಿನ 18ರಲ್ಲಿ ಹತ್ತಿರ ಹೋಗಿ ಮುಖ ತೆಗೆಯಬೇಡಿ, ಮೂಗು ದಪ್ಪ ಕಾಣುತ್ತದೆ. ಸುಮ್ನೆ ಲೆನ್ಸನ್ನು ಬೈಯುತ್ತೇವೆ, ಕಾರಣ ನಾವು ನಿಂತ ಜಾಗ. ಒಂದೂವರೆ ಅಡಿಯಿಂದ ನೋಡಿದರೆ ಮೂಗು ಕಿವಿಗಿಂತ ಎಷ್ಟೋ ಹತ್ತಿರ ಇರುತ್ತದೆ, ಹಾಗಾಗಿ ದೊಡ್ಡದು. ಐದಾರು ಅಡಿ ಹಿಂದೆ ಹೋದರೆ ಆ ವ್ಯತ್ಯಾಸ ಕರಗುತ್ತದೆ. ಕಡಲೆಕಾಯಿ ಪರಿಷೆಯಲ್ಲಿ ಇದನ್ನೇ ಬೇಕಂತಲೇ ಬಳಸುತ್ತೇವೆ. 18 ಎಂಎಂ ಹಾಕಿ ರಾಶಿಯ ಪಕ್ಕವೇ ಕೂತರೆ ಕಡಲೆಕಾಯಿ ಬೆಟ್ಟದಷ್ಟು, ಹಿಂದಿನ ಜನ ಇರುವೆಯಷ್ಟು.

ಇನ್ನು ಮುಖದ ಮಾತು. ಇದು ಕ್ಯಾಮೆರಾದ ಲೆಕ್ಕದ ತೊಂದರೆ. ಆಟೋದಲ್ಲಿ ಅದು ಇಡೀ ದೃಶ್ಯ ನೋಡಿ, ಸರಾಸರಿ ಒಂದು ನಡುವಿನ ಬೂದು ಬಣ್ಣಕ್ಕೆ ಬರಲಿ ಅಂತ ಬೆಳಕು ಹೊಂದಿಸುತ್ತದೆ. ವೇದಿಕೆ ಹಿಂದೆ ಮುಕ್ಕಾಲು ಭಾಗ ಕಪ್ಪು ಪರದೆ. ‘ಅಯ್ಯೋ, ಕತ್ತಲೆ’ ಅಂತ ಅದು ಜಾಸ್ತಿ ಬೆಳಕು ಬಿಡುತ್ತದೆ. ಪರದೆ ಬೂದು ಆಗುತ್ತದೆ, ಸ್ಪಾಟ್‌ಲೈಟ್ ಬಿದ್ದ ಮುಖ ಸುಟ್ಟುಹೋಗುತ್ತದೆ. ಮದುವೆ ಮನೆಯಲ್ಲಿ ಬಿಳಿ ಪಂಚೆಯವರ ಸಾಲು ತೆಗೆದು ನೋಡಿ, ಇದರ ಉಲ್ಟಾ, ಪಂಚೆಯೆಲ್ಲ ಕೊಳೆಯಾದ ಹಾಗೆ ಬರುತ್ತದೆ. ಕ್ಯಾಮೆರಾದಲ್ಲಿ ಪ್ಲಸ್ ಮೈನಸ್ ಇರುವ ಗುಂಡಿ ಇದೆಯಲ್ಲ, ನೃತ್ಯಕ್ಕೆ ಅದನ್ನು ಮೈನಸ್ 1ಕ್ಕೆ ಇಳಿಸಿ. ಆಟೋದಲ್ಲಿ ಅದು ಸಿಗುವುದಿಲ್ಲ, ಡಯಲ್ ಅನ್ನು ಎವಿ ಅಥವಾ ಎ (ಎಫ್ ಸಂಖ್ಯೆಯನ್ನು ನಾವೇ ಇಡುವ ಮೋಡ್) ಮೇಲೆ ಇಡಬೇಕು. ಮ್ಯಾನುಯಲ್ ಮೋಡ್ ಇನ್ನೂ ಒಳ್ಳೆಯದು. 1/250, ಎಫ್ 2 ಇಟ್ಟು, ಮುಖ ಸರಿ ಬರುವ ತನಕ ಐಎಸ್‌ಒ ಬದಲಿಸಿ ನಿಲ್ಲಿಸಿಬಿಡಿ. ಆಮೇಲೆ ಪರದೆ ಎಷ್ಟು ಕಪ್ಪಾಗಿದ್ದರೂ ಕ್ಯಾಮೆರಾ ಮೋಸ ಹೋಗುವುದಿಲ್ಲ. ಲೈಟ್ ಬದಲಾದರೆ ಮಾತ್ರ ನೀವೇ ಬದಲಿಸಬೇಕು.

ಅನುಮಾನ ಬಂದರೆ ಸ್ವಲ್ಪ ಕತ್ತಲೆಯ ಕಡೆಗೇ ತಪ್ಪಿ. ಡಿಜಿಟಲ್‌ನಲ್ಲಿ ಪೂರ್ತಿ ಬೆಳ್ಳಗಾದ ಜಾಗದಲ್ಲಿ ಏನೂ ಉಳಿದಿರುವುದಿಲ್ಲ. ಕತ್ತಲೆಯಲ್ಲಿ ಉಳಿದಿರುತ್ತದೆ. ಅದಕ್ಕೇ ರಾ ಫೈಲ್‌ನಲ್ಲಿ, ಅಂದರೆ ಸೆನ್ಸರ್ ಕೊಟ್ಟದ್ದನ್ನು ಹಾಗೇ ಉಳಿಸುವ ಫೈಲ್‌ನಲ್ಲಿ, ತೆಗೆಯಿರಿ. ಜೆಪೆಗ್‌ನಲ್ಲಿ ಒಂದು ಬಣ್ಣಕ್ಕೆ 256 ಮೆಟ್ಟಿಲು. 14 ಬಿಟ್ ರಾ ಫೈಲ್‌ನಲ್ಲಿ 16,384. ಕತ್ತಲೆಯಿಂದ ಮುಖ ಮೇಲೆತ್ತುವಾಗ ಆ ಮೆಟ್ಟಿಲುಗಳು ಬೇಕಾಗುತ್ತವೆ.

ವಿಜಯನಗರದಿಂದ:

ಸಣ್ಣ ವಿಷಯ, ಆದರೆ ನನ್ನ ಒಂದು ಇಡೀ ಕಾರ್ಯಕ್ರಮ ಹಾಳಾಗಿದ್ದು ಇದರಿಂದ. ನಮ್ಮ ಕರೆಂಟು 50 ಹರ್ಟ್ಸ್. ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಶಟರ್ 1/250 ಇದ್ದರೆ ಒಂದು ಫೋಟೋ ಬೆಳಕು, ಮುಂದಿನದು ಮಂಕು, ಒಮ್ಮೊಮ್ಮೆ ಅಡ್ಡಪಟ್ಟಿ. ಗ್ರೀನ್ ರೂಮಿನಂಥ ಜಾಗದಲ್ಲಿ 1/100 ಅಥವಾ 1/50 ಇಡಿ, ಸರಿಹೋಗುತ್ತದೆ. ವೇದಿಕೆಯಲ್ಲಿ ಜತಿಗೆ ಅಷ್ಟು ಇಳಿಯಲು ಆಗುವುದಿಲ್ಲ. ಕ್ಯಾಮೆರಾ ಮೆನುವಿನಲ್ಲಿ ಆಂಟಿ ಫ್ಲಿಕರ್ ಇದ್ದರೆ ಆನ್ ಮಾಡಿ. ಮಿರರ್‌ಲೆಸ್ ಇರುವವರು ಸದ್ದಿಲ್ಲದ ಶಟರ್ ಹಾಕುವ ಮುಂಚೆ ಸಭಾಂಗಣದ ಲೈಟಿನಲ್ಲಿ ಒಂದು ಸಲ ತೆಗೆದು ನೋಡಿ, ಪಟ್ಟಿ ಅದರಲ್ಲೇ ಜಾಸ್ತಿ. ಮತ್ತೆ, ಲೈಟಿಂಗ್‌ನವರನ್ನು ಮೊದಲೇ ಮಾತಾಡಿಸಿ. ಬರೀ ಕೆಂಪು ಅಥವಾ ಬರೀ ನೀಲಿ ಲೈಟಿನಲ್ಲಿ ಮುಖದ ಗೆರೆಗಳೇ ಅಳಿಸಿಹೋಗುತ್ತವೆ. ಕಾರ್ಯಕ್ರಮದ ಮುಖ್ಯ ನೃತ್ಯವಾದ ‘ವರ್ಣ’ದ ಹೊತ್ತಿಗಾದರೂ ಮುಂದಿನಿಂದ ಸಾದಾ ಬೆಳಕು ಕೊಡಿ ಅಂತ ಕೇಳಿಕೊಳ್ಳಿ.

ರಾಜಾಜಿನಗರದಿಂದ:

ಸೆಕೆಂಡ್ ಹ್ಯಾಂಡ್ 50 ತಗೊಳ್ಳುವುದಾದರೆ ಟಾರ್ಚ್ ಇಟ್ಟುಕೊಂಡು ಹೋಗಿ. ಎಫ್ ಪೂರ್ತಿ ತೆರೆದು, ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್. ನಾನು ಒಮ್ಮೆ ನೋಡದೆ ತಂದೆ. ಎದುರು ಬೆಳಕಿನ ಫೋಟೋಗಳೆಲ್ಲ ಹಾಲು ಚೆಲ್ಲಿದ ಹಾಗೆ ಬರುತ್ತಿದ್ದವು. ಮಳೆಗಾಲದಲ್ಲಿ ಬ್ಯಾಗಿನೊಳಗೇ ಇಡಬೇಡಿ. ಗಾಳಿಯಾಡದ ಡಬ್ಬ, ಒಳಗೆ ಸಿಲಿಕಾ ಜೆಲ್ ಸಾಕು.

ಮಲ್ಲೇಶ್ವರದಿಂದ, ಕೇಳಿದವರು:

50 ಎಂಎಂ ಹೊಸದನ್ನೇ ತಗೊಂಡೆ. ನಿನ್ನೆ ಲೈಟ್ ಸಮೇತ ರಿಹರ್ಸಲ್ ಇತ್ತು, ಟೀಚರ್ ಹತ್ತಿರ ಕೇಳಿ ಮೂರನೇ ಸಾಲಿನಲ್ಲಿ ಕೂತೆ. ಮ್ಯಾನುಯಲ್, 1/250, ಎಫ್ 2, ಮೊದಲು ಐಎಸ್‌ಒ 1600. ಸ್ವಲ್ಪ ಕತ್ತಲೆ ಅನಿಸಿತು, 2500 ಮಾಡಿದೆ. ಆರಂಭದ ನೃತ್ಯ ಅಲರಿಪು ಪೂರ್ತಿ ಬಂದಿದೆ. ಬೆರಳು ಒಂದೊಂದೂ ಬಿಡಿಬಿಡಿ. ಜತಿ ಮಾತ್ರ ಹತ್ತರಲ್ಲಿ ಎರಡು ಮೂರು ಸಿಗುತ್ತಿದೆ. ನಾನು ಒತ್ತುವಷ್ಟರಲ್ಲಿ ಮುದ್ರೆ ಮುಗಿದಿರುತ್ತದೆ. ಇದಕ್ಕೇನಾದರೂ ಸೆಟ್ಟಿಂಗ್ ಇದೆಯಾ?

ಜಯನಗರದಿಂದ:

ಅದಕ್ಕೆ ಸೆಟ್ಟಿಂಗ್ ಇಲ್ಲ ಮೇಡಂ, ನಟುವಾಂಗ ಇದೆ, ತಾಳ ತಟ್ಟುತ್ತ ಜತಿ ಹೇಳುತ್ತಾರಲ್ಲ, ಅದು. ನೀವು ಹತ್ತು ವರ್ಷ ಕ್ಲಾಸಿನ ಹೊರಗೆ ಕೂತು ಆ ಜತಿಗಳನ್ನು ಕೇಳಿದ್ದೀರಿ, ಮುಕ್ತಾಯ ಯಾವಾಗ ಬರುತ್ತದೆ ಅಂತ ನಮಗಿಂತ ಚೆನ್ನಾಗಿ ಗೊತ್ತು. ಕಣ್ಣಲ್ಲಿ ಮುದ್ರೆ ಕಂಡ ಮೇಲೆ ಒತ್ತಿದರೆ ತಡ. ತಾಳ ಎಣಿಸಿಕೊಂಡು, ಕೊನೆಯ ತಟ್ಟಿಗೆ ಅರ್ಧ ಕ್ಷಣ ಮುಂಚೆ ಒತ್ತಿ. ಅಲ್ಲಿ ಅವಳು ನಿಲ್ಲುತ್ತಾಳೆ, ದೇಹ ಒಂದು ಗಳಿಗೆ ಅಲುಗಾಡುವುದಿಲ್ಲ. ಮುಂದಿನ ರಿಹರ್ಸಲ್‌ಗೂ ಹೋಗಿ. ಒಂದು ಜತಿ ಪೂರ್ತಿ ಕ್ಯಾಮೆರಾ ಮುಟ್ಟದೆ ಬರೀ ಬೆರಳಲ್ಲಿ ಎಣಿಸಿ, ಆಮೇಲೆ ಎತ್ತಿಕೊಳ್ಳಿ.

ಮಲ್ಲೇಶ್ವರದಿಂದ, ಕೇಳಿದವರು:

ಸರಿ ಸರ್. ಇವತ್ತು ಸಂಜೆ ಮನೆಯಲ್ಲೇ ಅವಳ ಹತ್ತಿರ ಜತಿ ಹೇಳಿಸಿಕೊಂಡು ಎಣಿಸುತ್ತೇನೆ.